ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು

ಫೆಬ್ರುವರಿ 4, ಮಂಗಳವಾರ

ಗೌಸಸಾಬ ಇನ್ನು ಮೇಲೆ ಗಾಡಿ ಓಡಿಸುವುದಿಲ್ಲವಂತೆ. ಹುನಗುಂದದಿಂದ ಇಳಕಲ್ಲಿಗೆ ಬರುವ ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಬುಲೆಟ್ಟು ನಿಲ್ಲಿಸಿದ. ಕಾಲುಮಡಿಯಲು ನಿಲ್ಲಿಸಿದನೆಂದುಕೊಂಡೆ. ಇಳಿದವನು ಹೊಲದ ಕಡೆ ಮುಖ ಮಾಡಿ ನಿಂತು ಹೇಳಿಬಿಟ್ಟ.

“ಕಣ್ಣಿನ ನರ ಒಣಗಾಕತ್ತಾವಂತ. ಬಾಗಲಕೋಟಿ ಡಾಕ್ಟರ್ ಹೇಳ್ಯಾರ. ಹೋದದ್ದು ತಿರುಗಿ ಬರಂಗಿಲ್ಲಂತ. ಈಗ ಒಂದು ಎಮ್ಮಿ ಬಾಜೂಕಿಂದ ಬಂತಲ್ಲ, ಅದು ನನಗ ಕಂಡೇ ಇಲ್ಲಲೇ ರಾಚಪ್ಪ.”

ಎಮ್ಮೆ ಬಂದಾಗ ನಾನು ಹಿಂದೆ ಕೂತು ಅವನ ಹಿರಿಯರನ್ನೆಲ್ಲ ಎಣಿಸಿ ಬೈದಿದ್ದೆ. ಆ ಬೈಗುಳವನ್ನು ಈಗ ಎಲ್ಲಿ ಮುಚ್ಚಿಡಲಿ ಎಂದು ತಿಳಿಯಲಿಲ್ಲ.

ನಾನು ನೇಯುವವನು, ಅವನು ಮಾರುವವನು. ನನ್ನ ಕುಣಿಮಗ್ಗದಲ್ಲಿ ನೇಯ್ದದ್ದು, ಓಣಿಯ ಇನ್ನೆರಡು ಮನೆಯವರು ನೇಯ್ದದ್ದು, ಎಲ್ಲ ಸೀರೆ ಗಂಟು ಕಟ್ಟಿಕೊಂಡು ವಾರಕ್ಕೆರಡು ಸಲ ಹೊರಡುತ್ತೇವೆ. ಹುನಗುಂದ, ಬೇವೂರು, ಬಾದಾಮಿ, ಬನಶಂಕರಿ, ನಡುವಿನ ಹಳ್ಳಿಗಳು. ಅವನು ಮುಂದೆ, ನಾನು ಹಿಂದೆ, ನನ್ನ ತೊಡೆಯ ಮೇಲೆ ಗಂಟು. ವ್ಯಾಪಾರದ ಹೊತ್ತಿನಲ್ಲಿ ನಾನು ಬಾಯಿ ತೆರೆಯಬಾರದು, ಅದು ಅವನ ಕಾನೂನು. ಚಹಾಕ್ಕೆ ಎಲ್ಲಿ ನಿಲ್ಲಬೇಕು ಎಂಬುದೂ ಅವನದೇ. ಹಿಂದಿನಿಂದ ಏನು ಕೇಳಿದರೂ ಉತ್ತರವಿಲ್ಲ. ಸ್ವಲ್ಪ ಕಾಲು ಸರಿಸಿದರೆ “ಅಲ್ಲಾಡಬ್ಯಾಡಲೇ, ಗಾಡಿ ಎಳಿತೈತಿ” ಎಂಬ ಗದರಿಕೆ ಬೇರೆ. ಇಷ್ಟು ವರ್ಷ ಅವನ ಬೆನ್ನು ನೋಡಿದಷ್ಟು ನಾನು ನನ್ನ ಹೆಂಡತಿ ಸಕ್ರವ್ವಳ ಮುಖ ನೋಡಿಲ್ಲ.

ಈ ತಿರುಗಾಟ ನಿಂತರೆ ನಾನು ಮತ್ತೆ ಸಾಹುಕಾರರ ಕೂಲಿ ಮಗ್ಗಕ್ಕೆ ಕೂಡಬೇಕು. ಅವನು ಮನೆಯ ಕಟ್ಟೆ ಹಿಡಿಯಬೇಕು. ಅವನಂಥ ಮಾತುಗಾರ ಕಟ್ಟೆ ಹಿಡಿದರೆ ಬಹಳ ದಿನ ಬಾಳುವುದಿಲ್ಲ, ಅದು ನನಗೂ ಗೊತ್ತು, ಅವನ ಹೆಂಡತಿ ಕಾಸಿಂಬಿಗೂ ಗೊತ್ತು.

ಸುಸ್ತಾಗಿದೆ. ನಾಳೆ ಯೋಚಿಸಿದರಾಯಿತು.

ಫೆಬ್ರುವರಿ 6, ಗುರುವಾರ

ಬುಲೆಟ್ಟನ್ನು ನಾನೇ ಕೊಂಡೆ. ಏನು ಕೊಟ್ಟೆನೆಂದು ಬರೆಯುವುದಿಲ್ಲ. ಬರೆದರೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹುಬ್ಬಳ್ಳಿಯಲ್ಲಿ ಹಳೆಯ ಗಾಡಿ ಕೂಡಿಹಾಕುವ ಯಾರೋ ಶ್ರೀಮಂತರು ಅದನ್ನು ಕೇಳಿದ್ದರಂತೆ. ಒಯ್ದು ಪಡಸಾಲೆಯಲ್ಲಿ ನಿಲ್ಲಿಸಿ ದಿನಾ ಒರೆಸುತ್ತಾರಂತೆ. ಎಪ್ಪತ್ತೆಂಟರ ಮಾಡಲ್, ನನಗಿಂತ ಸ್ವಲ್ಪವೇ ಚಿಕ್ಕದು, ನನಗಿಂತ ಗಟ್ಟಿ.

ಹೊಸ ಸ್ಕೂಟಿ ತಗೋ ಎಂದರು ಎಲ್ಲರೂ. ಅವರಿಗೆ ವ್ಯಾಪಾರ ತಿಳಿಯದು. ಹಳ್ಳಿಯ ಓಣಿಗೆ ಈ ಬುಲೆಟ್ಟಿನ ಸಪ್ಪಳ ಬಂದರೆ ಸಾಕು, ಹೆಂಗಸರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬರುತ್ತಾರೆ. ಬೇರೆ ಸೀರೆಯವರು ಕೂಗಿ ಕೂಗಿ ಗಂಟಲು ಹರಿದುಕೊಳ್ಳಬೇಕು. ಸ್ಕೂಟಿಯ ಸಪ್ಪಳಕ್ಕೆ ನಾಯಿಯೂ ಎದ್ದು ನೋಡುವುದಿಲ್ಲ.

ಗೌಸಸಾಬ ಕೀಲಿ ಕೊಡುವಾಗ ಒಂದು ಮಾತು ಹೇಳಿದ. “ಗಾಡಿ ನಿಂದು. ಹಿಂದಿನ ಸೀಟ ಮಾತ್ರ ಮಾರಿಲ್ಲ ನಾ, ತಿಳೀತಿಲ್ಲೋ? ಮಾರಾಕ ನಾನ ಬರಾಂವ. ಕಣ್ಣಿನ ಸುದ್ದಿ ಯಾವ ಗಿರಾಕಿಗೂ ಹೇಳಬಾರದು.”

ಆಯಿತೆಂದೆ. ಇನ್ನೇನು ಹೇಳಲಿ. ಸೈಕಲ್ಲು ಬಿಟ್ಟರೆ ಬೇರೆ ಯಾವ ಗಾಡಿಯ ಹ್ಯಾಂಡಲನ್ನೂ ನಾನು ಹಿಡಿದವನಲ್ಲ. ಈ ಹಳೆಯ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗಳಿಗೆ ಅದರ ತಿರುಗಾಮುರುಗಾ. ಬೇರೆ ಗಾಡಿ ಕಲಿತವರು ಇದನ್ನು ಹತ್ತಿದರೆ ಬ್ರೇಕೆಂದು ಗೇರು ಒತ್ತಿ ಗಟಾರಕ್ಕೆ ಇಳಿಯುತ್ತಾರೆ. “ನಿನಗ ಯಾವ ಗಾಡೀನೂ ಬರೂದಿಲ್ಲ, ಅದs ಛಲೋ ಆತು. ಮರೀಬೇಕಾದ್ದು ಏನೂ ಇಲ್ಲ” ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಸಕ್ರವ್ವ ಅಂಗಳದಲ್ಲಿ ನಿಂತ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು. “ಗಿಡ ಇದ್ದಾಗ ಬಗ್ಗಲಾರದ್ದು ಮರ ಆದ ಮ್ಯಾಲ ಬಗ್ಗತೈತೇನ್ರಿ?” ಎಂದವಳೇ ರೊಟ್ಟಿ ಬಡಿಯಲು ಹೋದಳು.

ಫೆಬ್ರುವರಿ 9, ಭಾನುವಾರ

ಕಲಿಕಾ ಲೈಸೆನ್ಸು ಬಂತು. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲಿ ಮೊದಲ ಪಾಠ. ಇಡೀ ಮುಂಜಾನೆ ಗಾಡಿ ಚಾಲೂ ಮಾಡುವುದರಲ್ಲೇ ಹೋಯಿತು. ಟ್ಯಾಂಕಿನ ಮುಂದಿನ ಮೀಟರಿನಲ್ಲಿ ಮುಳ್ಳು ನಟ್ಟನಡುವೆ ಬರುವಂತೆ ಕಿಕ್ಕರನ್ನು ಮೆಲ್ಲಗೆ ಒತ್ತಬೇಕಂತೆ, ಆಮೇಲೆ ಒಂದೇ ಏಟಿಗೆ ಒದೆಯಬೇಕಂತೆ. ನಾನು ಅವಸರ ಮಾಡಿದೆ. ಕಿಕ್ಕರು ತಿರುಗಿ ಮೊಳಕಾಲಿನ ಕೆಳಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಕುಂಟಿದೆ.

“ಸಿಟ್ಟೀಲೆ ಒದಿಬ್ಯಾಡ. ಅದಕ್ಕ ತಿಳೀತೈತಿ” ಎಂದ ಗೌಸಸಾಬ, ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತ. ಅವನಿಗೆ ಹೇಳುವುದೇನು, ಒದೆಸಿಕೊಂಡವನು ನಾನು.

ಫೆಬ್ರುವರಿ 12, ಬುಧವಾರ

ಇಂದು ನನ್ನ ಕಾಲುಗಳ ಬಣ್ಣ ಬಯಲಾಯಿತು.

ಚಾಲೂ ಆಯಿತು, ಮೊದಲ ಗೇರು ಬಿತ್ತು, ಗಾಡಿ ಹೊರಟಿತು. ಎರಡನೇ ಗೇರು ಎಂದು ಗೌಸಸಾಬ ಕೂಗಿದ. ಬಲಗಾಲು ಒತ್ತಿದೆ. ಒತ್ತಿದ ಕೂಡಲೇ ಎಡಗಾಲು ತಾನೇ ಕೆಳಗೆ ಹೋಯಿತು. ನಾನು ಕಳಿಸಲಿಲ್ಲ, ದೇವರಾಣೆ. ಅದು ಬ್ರೇಕು. ಗಾಡಿ ಮುಗ್ಗರಿಸಿ ನಿಂತಿತು, ನಾನು ಟ್ಯಾಂಕಿನ ಮೇಲೆ ಬೋರಲಾದೆ. ಮತ್ತೆ ಹೊರಟೆ. ಬಲಗಾಲು ಒತ್ತಿದೆ, ಹಿಂದೆಯೇ ಎಡಗಾಲು. ಬಲ, ಎಡ. ಬಲ, ಎಡ. ಕಡೆಗೆ ಫ್ಯಾಕ್ಟರಿಯವರು ಕಲ್ಲು ಕೊಯ್ದ ಬಿಳಿ ರಾಡಿ ಬಿಡುವ ಗುಂಡಿಯಲ್ಲಿ ಗಾಡಿ ಸಮೇತ ಮಲಗಿದೆ.

ಗೌಸಸಾಬನಿಗೆ ನಗೆ ತಡೆಯಲಾಗಲಿಲ್ಲ. “ನೇಯಾಕತ್ತೀಯಲ್ಲೋ! ಗಾಡಿ ಮ್ಯಾಲ ಕುಂತು ಸೀರಿ ನೇಯಾಕತ್ತಾನ ಮಗ!”

ಖರೆ ಮಾತು. ಮಗ್ಗದ ಕುಣಿಯೊಳಗೆ ಎರಡು ಹಲಗೆ. ಬಲದ್ದು ಒತ್ತಿದ ಮೇಲೆ ಎಡದ್ದು ಒತ್ತಲೇಬೇಕು, ಇಲ್ಲದಿದ್ದರೆ ನೇಯ್ಗೆಯಿಲ್ಲ. ಮೀಸೆ ಮೂಡುವ ಮೊದಲಿಂದ ಈ ಕಾಲುಗಳಿಗೆ ಅದೊಂದೇ ಕೆಲಸ. ಮರೆಯಬೇಕಾದ್ದು ಏನೂ ಇಲ್ಲವೆಂದಿದ್ದ ಅವನು. ನಾನು ರಾಡಿ ತೊಳೆದುಕೊಂಡು ಮನೆಗೆ ನಡೆದುಕೊಂಡೇ ಬಂದೆ, ಗಾಡಿ ತಳ್ಳುತ್ತ.

ಫೆಬ್ರುವರಿ 15, ಶನಿವಾರ

ಮತ್ತೆ ಬಿದ್ದೆ. ಮೈಕೈ ನೋವು. ಬರೆಯಲು ಮನಸ್ಸಿಲ್ಲ.

ಫೆಬ್ರುವರಿ 17, ಸೋಮವಾರ

ಹುಬ್ಬಳ್ಳಿಯವರಿಗೇ ಕೊಟ್ಟುಬಿಡೋಣವೆಂದು ಗೌಸಸಾಬನಿಗೆ ಹೇಳಲು ಹೊರಟಿದ್ದೆ. ಬೇಸತ್ತು ಹೋಗಿತ್ತು. ಊಟದ ಹೊತ್ತಿನಲ್ಲಿ ಸಕ್ರವ್ವ ನನ್ನ ಬಾತ ಕಾಲಿಗೆ ಅರಿಸಿನ ಹಚ್ಚುತ್ತ ಕೇಳಿದಳು.

“ಗಾಡಿ ಮ್ಯಾಲ ಏನ ಹಾಕ್ಕೊಂಡಿರ್ತೀರಿ ಕಾಲಾಗ?”

“ಏನೂ ಇಲ್ಲ. ಬರಿಗಾಲು. ಚಪ್ಪಲಿ ಜಾರತಾವ.”

“ಮಗ್ಗದಾಗೂ ಬರಿಗಾಲು, ಅಲ್ಲೂ ಬರಿಗಾಲು. ಪಾಪ, ಅವಕ್ಕ ಹೆಂಗ ತಿಳೀಬೇಕು ಎಲ್ಲದೀವಿ ಅಂತ? ಬಲಗಾಲಿಗೊಂದು ಬೂಟು ಹಾಕ್ರಿ. ಎಡಗಾಲು ಹಂಗ ಬಿಡ್ರಿ. ಎರಡೂ ಬ್ಯಾರೆ ಬ್ಯಾರೆ ಮನಿಯವು ಅಂತ ತಿಳಕೋತಾವ.”

ಹೆಂಗಸಿನ ಮಾತೆಂದು ನಕ್ಕೆ. ಸಂಜೆ ಗೌಸಸಾಬನ ಹಳೆಯ ಬೂಟು ಒಂದನ್ನು ಬಲಗಾಲಿಗೆ ಹಾಕಿಕೊಂಡು ಬಯಲಿಗೆ ಹೋದೆ. ಎರಡನೇ ಗೇರು ಬಿತ್ತು. ಎಡಗಾಲು ಅಲ್ಲೇ ಇತ್ತು. ಮೂರನೆಯದೂ ಬಿತ್ತು.

ಬಸ್ ಸ್ಟ್ಯಾಂಡಿನ ಮುಂದೆ ಒಂದೇ ಬೂಟು ಹಾಕಿ ಬುಲೆಟ್ಟಿನ ಮೇಲೆ ಹೋಗುವ ನನ್ನನ್ನು ನೋಡಿ ಅರ್ಧ ಇಳಕಲ್ಲು ನಕ್ಕಿತು. ನಗಲಿ. ಸಕ್ರವ್ವ ಮಾತ್ರ ನಗಲಿಲ್ಲ, “ನಾ ಹೇಳಿದ್ದಿಲ್ಲೇನ್ರಿ” ಎಂದು ಮೂರು ಸಲ ಹೇಳಿದಳು. ಅದಕ್ಕಿಂತ ನಕ್ಕಿದ್ದರೇ ಚೆನ್ನಾಗಿತ್ತು.

ಮಾರ್ಚ್ 4, ಮಂಗಳವಾರ

ಮೊದಲ ಸಲ ಗೌಸಸಾಬನನ್ನು ಹಿಂದೆ ಕೂಡಿಸಿಕೊಂಡು ಹುನಗುಂದಕ್ಕೆ ಹೋಗಿಬಂದೆ. ಗಂಟು ಅವನ ತೊಡೆಯ ಮೇಲೆ. ಮೈ ಬೆವರಿ ಅಂಗಿ ಹಿಂಡುವಂತಾಗಿತ್ತು. ಲಾರಿ ಎದುರು ಬಂದಾಗಲೆಲ್ಲ ಅವನು ಹಿಂದಿನಿಂದ “ಕ್ಲಚ್ಚಲೇ!” ಎನ್ನುತ್ತಾನೆ. ತಿರುವಿನಲ್ಲಿ ನನಗಿಂತ ಮೊದಲು ತಾನೇ ವಾಲುತ್ತಾನೆ. ಹಿಂದೆ ಕೂತು ಗೊತ್ತಿಲ್ಲದ ಮನುಷ್ಯ.

ಆದರೆ ಓಣಿಯಲ್ಲಿ ಸಪ್ಪಳ ಕೇಳಿ ಹೆಂಗಸರು ಬಂದರು, ಅವನು ಮಾತಾಡಿದ, ಸೀರೆ ಹೋದವು. ರಂಜಾನಿನ ರೋಜಾ ಹಿಡಿದವನು, ಹಗಲೆಲ್ಲ ನೀರೂ ಕುಡಿಯದೆ ಅಷ್ಟು ಮಾತಾಡಿದ. “ಅವ್ವಾರs, ಈ ದಡಿ ನೋಡ್ರಿ, ಉಟ್ಟು ಹೊರಗ ಬಂದ್ರ ನಿಮ್ಮ ಅತ್ತೀನೂ ಮನಿ ಕೀಲಿ ನಿಮ್ಮ ಕೈಯಾಗ ಕೊಡತಾಳ!” ಅತ್ತೆ ಅಲ್ಲೇ ಕೂತಿದ್ದಳು, ಅವಳೂ ಒಂದು ತೆಗೆದುಕೊಂಡಳು.

ತಿರುಗಾಟ ಉಳಿಯಿತು. ಬಂದು ನೀರು ಕುಡಿದು ಅಂಗಳದಲ್ಲೇ ಅಡ್ಡಾದೆ.

ಮಾರ್ಚ್ 13, ಗುರುವಾರ

ಬಾದಾಮಿ. ಕೆಂಡದಂಥ ಬಿಸಿಲು. ಒಂದು ದೊಡ್ಡ ಮನೆಯ ಒಳಗಿನ ಪಡಸಾಲೆಯಲ್ಲಿ ಮಬ್ಬುಗತ್ತಲೆ. ಮದುವೆಗೆ ಸೀರೆ ಬೇಕಾಗಿದ್ದವು. ಮನೆಯ ಯಜಮಾನಿ ದಾಳಿಂಬ್ರಿ ಕೆಂಪು ಕೇಳಿದಳು. ಗೌಸಸಾಬ ಗಂಟಿನಿಂದ ಒಂದನ್ನು ಜಗ್ಗಿ ಗಾಳಿಯಲ್ಲಿ ಹರವಿ, “ನೋಡ್ರಿ, ದಾಳಿಂಬ್ರಿ ಒಡದು ಕಾಳು ಚೆಲ್ಲಿದಂಗ!” ಎಂದ.

ಅದು ಕಡು ಹಸಿರು.

ಹುಡುಗಿಯರು ಕಿಸಕ್ಕೆಂದರು. ಯಜಮಾನಿ ಅವನ ಮುಖವನ್ನೇ ನೋಡಿದಳು. ಅವನು ಹರವಿದ ಸೀರೆಯನ್ನು ಮೆಲ್ಲಗೆ ಮಡಚಿದ. ಆಮೇಲೆ, “ನಿಮ್ಮ ಕಣ್ಣು ಪರೀಕ್ಷಾ ಮಾಡಿದೆನ್ರೀ ಅವ್ವಾರ, ಪಾಸಾದ್ರಿ” ಎಂದ. ಎಲ್ಲರೂ ನಕ್ಕರು. ವ್ಯಾಪಾರವೂ ಆಯಿತು. ಆದರೆ ಮುಂದಿನ ಸೀರೆಗಳನ್ನು ಅವನು ಹರವಲಿಲ್ಲ, ನನ್ನ ಕಡೆ ಕೈ ಚಾಚಿ ಕಾಯುತ್ತಿದ್ದ. ನಾನು ಒಂದೊಂದೇ ಕೊಟ್ಟೆ.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಿಲ್ಲ. ಮರ್ಯಾದೆ ಹೋಗುವ ಹೊತ್ತು ಬಂದಿತ್ತಲ್ಲ. “ಕಾಣಲಿಲ್ಲಂದ್ರ ನನ್ನ ಕೇಳಾಕ ಏನ ಧಾಡಿ ನಿನಗ? ಹಸರು ಯಾವುದು ಕೆಂಪು ಯಾವುದು ಗೊತ್ತಾಗಂಗಿಲ್ಲಂದ್ರ ಬಾಯಿ ಯಾಕ ತೆಗೀತಿ?” ಎಂದೆ. ಅವನು ಗಾಡಿ ಹತ್ತಿ ಕೂತ. ಬನಶಂಕರಿ ದಾಟಿದ ಮೇಲೆ ಏನೋ ಹೇಳಿದ. ಗಾಳಿಯಲ್ಲಿ ಕೇಳಲಿಲ್ಲ, ನಾನೂ ಏನೆಂದು ಕೇಳಲಿಲ್ಲ. ಗಾಡಿ ಓಡಿಸುವವನಿಗೆ ಮಾತಾಡುತ್ತ ಕೂಡಲು ಆಗುವುದಿಲ್ಲ.

ಮಾರ್ಚ್ 19, ಬುಧವಾರ

ಬಾಗಲಕೋಟೆಯಲ್ಲಿ ಲೈಸೆನ್ಸಿನ ಪರೀಕ್ಷೆ ಕೊಟ್ಟೆ, ಪಾಸಾಯಿತು. ಎರಡೂ ಕಾಲಿಗೆ ಬೂಟು ಹಾಕಿಕೊಂಡು ಎಂಟು ಹಾಕಿದೆ. ಈಗ ಒಂದೇ ಬೂಟಿನ ಆಟ ಬೇಕಿಲ್ಲ, ಕಾಲು ಹೇಳಿದ ಮಾತು ಕೇಳುತ್ತವೆ.

ಗಾಡಿಯ ಮೇಲೆ ಕೇಳುತ್ತವೆ. ಮಗ್ಗದಲ್ಲಿ ಕೇಳುತ್ತಿಲ್ಲ. ಸಂಜೆ ಸಕ್ರವ್ವ ನೇಯ್ದ ಸೀರೆಯ ಮೇಲೆ ಕೈ ಆಡಿಸಿ, ಒಂದು ಕಡೆ ಬೆರಳು ನಿಲ್ಲಿಸಿದಳು. ಬಲಗಾಲು ಒತ್ತಿ ಎಡಗಾಲು ಒತ್ತದೆ ಬಿಟ್ಟಿದ್ದೇನೆ. ಎಳೆ ಜೋಡಿಯಾಗಿ ಕೂತಿವೆ. ಒಂದು ಕಡೆಯಲ್ಲ, ಅಲ್ಲಲ್ಲಿ.

“ಇದು ಯಾರ ಸೀರೀರಿ? ನಿಮ್ಮದಲ್ಲ ಇದು” ಎಂದಳು.

ಬಿಚ್ಚಿ ಮತ್ತೆ ನೇಯಬೇಕು. ಸೊಂಟ ಹಿಡಿದುಕೊಂಡಿದೆ. ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು.

ಮಾರ್ಚ್ 25, ಮಂಗಳವಾರ

ಯುಗಾದಿಯ ವ್ಯಾಪಾರ ಜೋರು. ಅಮೀನಗಡದ ಹತ್ತಿರ ಚಹಾದ ಅಂಗಡಿಗೆ ನಿಲ್ಲಿಸಿದೆ. ಗೌಸಸಾಬನಿಗೆ ರೋಜಾ ಎಂದು ನನಗೆ ನೆನಪಾದದ್ದು ನಾನು ಮಿರ್ಚಿ ಭಜಿ ಅರ್ಧ ತಿಂದ ಮೇಲೆ. ಅವನು ದೂರ ಗಿಡದ ಕೆಳಗೆ ಕೂತಿದ್ದ. ಇರಲಿ, ಓಡಿಸುವವನಿಗೆ ಹೊಟ್ಟೆಗೆ ಬೇಕಾಗುತ್ತದೆ.

ಬರುವಾಗ ಅವನು ಬಹಳ ಅಲ್ಲಾಡಿದ. ಕಾಲು ಜೋಮು ಹಿಡಿದಿದೆಯಂತೆ. “ಸುಮ್ನ ಕುಂದರಲೇ, ಗಾಡಿ ಎಳಿತೈತಿ” ಎಂದು ಗದರಿದೆ. ಆಮೇಲೆ ಸುಮ್ಮನೆ ಕೂತ.

ಒಂದು ಮಾತು ಬರೆಯುವುದು ಮರೆತಿದ್ದೆ. ಚಹಾದ ಅಂಗಡಿಯವ ನಮ್ಮ ಗಂಟು ನೋಡಿ, “ಇಷ್ಟs ಸೀರಿ ಒಯ್ದರ ಹಬ್ಬಕ್ಕ ಎಲ್ಲಿ ಸಾಕಾಗತಾವ್ರಿ?” ಎಂದ. “ಹಿಂದ ಮನಷ್ಯಾ ಕುಂತರ ಇನ್ನೊಂದು ಗಂಟು ಎಲ್ಲಿ ಕಟ್ಟೂದ್ರಿ?” ಎಂದೆ. ಇದ್ದ ಮಾತು ಅದು. ಅವನ ಜಾಗದಲ್ಲಿ ಒಂದು ದೊಡ್ಡ ಗಂಟು ಹಿಡಿಸುತ್ತದೆ, ಗಂಟು ಅಲ್ಲಾಡುವುದಿಲ್ಲ, ಹಸಿರಿಗೆ ಕೆಂಪು ಅನ್ನುವುದಿಲ್ಲ. ಗೌಸಸಾಬ ದೂರ ಕೂತಿದ್ದ, ಕೇಳಿರಲಿಕ್ಕಿಲ್ಲ.

ಏಪ್ರಿಲ್ 1, ಮಂಗಳವಾರ

ನಿನ್ನೆ ರಂಜಾನ್ ಹಬ್ಬ. ಪ್ರತಿ ವರ್ಷದಂತೆ ಗೌಸಸಾಬನ ಮನೆಗೆ ಹಾಲು ಶಾವಿಗೆಯ ಸುರಕುಂಬಾ ಕುಡಿಯಲು ಹೋಗಿದ್ದೆವು. ಕಾಸಿಂಬಿ ಎರಡು ಬಟ್ಟಲು ಕುಡಿಸಿದಳು. ಗೌಸಸಾಬ ಹೊಸ ಅಂಗಿ ಹಾಕಿದ್ದ, ಗುಂಡಿ ಒಂದು ಮೇಲೆ ಕೆಳಗೆ ಆಗಿತ್ತು. ಸಕ್ರವ್ವ ನೋಡಿದಳು. ಗುರುವಾರ ಎಲ್ಲಾ ಖಾಯಂ ಗಿರಾಕಿಗಳ ಮನೆಗಳಿಗೂ ಹೋಗೋಣವೆಂದ. ಹಬ್ಬ ಮುಗಿದ ಮೇಲೆ ಯಾರು ಸೀರೆ ಕೊಳ್ಳುತ್ತಾರೆ ಎಂದೆ. “ಹೋಗೂಣು ನಡಿ” ಎಂದ. ಹಟಮಾರಿ.

ಏಪ್ರಿಲ್ 3, ಗುರುವಾರ

ಏನೆಂದು ಬರೆಯಲಿ.

ಮುಂಜಾನೆಯಿಂದ ಅವನ ಮೇಲೆ ಉರಿದುರಿದು ಬಿದ್ದೆ. ಹುನಗುಂದದಿಂದ ಶುರುಮಾಡಿ ಒಂದೊಂದೇ ಖಾಯಂ ಮನೆ. ನಾನು ಗಾಡಿಯ ಹತ್ತಿರ ಬಿಸಿಲಲ್ಲಿ ನಿಲ್ಲುವುದು, ಅವನು ಒಳಗೆ ಹೋಗಿ ಗಂಟು ಬಿಚ್ಚದೆ ಬರೀ ಮಾತಾಡಿ ಬರುವುದು. ಒಂದು ಮನೆಯಲ್ಲಿ ನೀರು ಕುಡಿದ, ಇನ್ನೊಂದರಲ್ಲಿ ಮಗುವಿನ ತಲೆ ಸವರಿದ, ಮತ್ತೊಂದರಲ್ಲಿ ಮುದುಕಿಯ ಕೈ ಹಿಡಿದು ಕೂತುಬಿಟ್ಟ. ಒಂದು ಸೀರೆಯೂ ಹೋಗಲಿಲ್ಲ. “ವ್ಯಾಪಾರಕ್ಕ ಬಂದೀಯೋ ಬೀಗರ ಮನಿಗೆ ಬಂದೀಯೋ?” ಎಂದು ರಸ್ತೆಯಲ್ಲೇ ಕೇಳಿದೆ. “ಇನ್ನೊಂದs ಊರು” ಎಂದ.

ಬೇವೂರಿನಲ್ಲಿ ಕಡೆಯ ಮನೆ. ಅಂಗನವಾಡಿ ನಡೆಸುವ ಬಸವೇಶ್ವರಿ ಬಾಯಿಯವರದು. ಅವರು ಮಜ್ಜಿಗೆ ಹಿಡಿದು ಸೀದಾ ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು.

“ಇನ್ ಮ್ಯಾಲ ನೀವs ಬರ್ತೀರಂತಲ್ರಿ ಅಣ್ಣಾರ. ಗೌಸಣ್ಣಾರು ಹೇಳಿದ್ರು, ‘ನನ್ನ ಕಣ್ಣು ಹೋಗ್ಯಾವವ್ವ, ಇನ್ನ ರಾಚಪ್ಪ ಬರ್ತಾನ, ಅವಂಗ ಮಾತು ಬರೂದಿಲ್ಲ, ಸಿಟ್ಟೂ ಭಾಳ, ಆದರ ಸೀರಿ ನೇಯ್ದಾಂವ ಅವನ, ಅವನ ಕೈಲೆ ತಗೋರಿ, ಬ್ಯಾರೆಯವರ ಕಡೆ ಹೋಗಬ್ಯಾಡ್ರಿ’ ಅಂದ್ರು.”

ಎಲ್ಲಾ ಮನೆಗಳಲ್ಲೂ ಅವನು ಹೇಳಿ ಬಂದದ್ದು ಇದೇ. ಯಾರಿಗೂ ತಿಳಿಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದನ್ನು ತಾನೇ ಮನೆಮನೆಗೆ ಹೋಗಿ ಹೇಳಿದ್ದಾನೆ, ನನ್ನ ಸಲುವಾಗಿ. ನಾನು ಹೊರಗೆ ನಿಂತು ಹೊತ್ತಾಯಿತೆಂದು ಹಾರನ್ನು ಹೊಡೆದಿದ್ದೆ.

ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದ. ಬೇಡ, ಹೀಗೆ ಮಾಡಬೇಡ ಎನ್ನಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆ. “ಹೊತ್ತಾತು, ಹತ್ತು” ಎಂದೆ. ಅಷ್ಟೇ ಎಂದೆ. ದಾರಿಯುದ್ದಕ್ಕೂ ಅವನು ಅಲ್ಲಾಡಲಿಲ್ಲ, ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎನ್ನುವ ಹಾಗೆ ಕೂತಿದ್ದ.

ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ. ಅಂಗಡಿಯವನ ಮುಂದೆ ನಾನೇ ಬಾಯಿಬಿಟ್ಟು ಹೇಳಿದ್ದೆ. ಈಗ ಸಿಕ್ಕಿದೆ.

ಏಪ್ರಿಲ್ 5, ಶನಿವಾರ

ಅವನ ಮನೆಯ ಕಡೆ ಹೋಗಲಿಲ್ಲ. ಹೋಗಿ ಏನು ಹೇಳುವುದು.

ಏಪ್ರಿಲ್ 8, ಮಂಗಳವಾರ

ಒಬ್ಬನೇ ಹೋದೆ. ಹಿಂದಿನ ಸೀಟಿಗೆ ಗುಡ್ಡದಂಥ ಗಂಟು ಕಟ್ಟಿದೆ. ಓಣಿಯ ಮೂರೂ ಮಗ್ಗದ ಮಾಲು, ಮದುವೆಯ ದಿನಗಳಿಗೆಂದು ಕೂಡಿಟ್ಟದ್ದು.

ಬರೆಯಲು ನಾಚಿಕೆಯಾಗುವಷ್ಟು ವ್ಯಾಪಾರವಾಯಿತು. ನಾನೇನೂ ಮಾತಾಡಲಿಲ್ಲ. ಸಪ್ಪಳಕ್ಕೆ ಹೊರಗೆ ಬಂದರು, ಹಿಂದಿನ ಸೀಟು ನೋಡಿದರು. “ಗೌಸಣ್ಣಾರು ಹೇಳಿ ಹೋಗ್ಯಾರ” ಎಂದು ಚೌಕಾಸಿ ಮಾಡದೆ ತೆಗೆದುಕೊಂಡರು. ಹುನಗುಂದದ ಆ ಅತ್ತೆ ಸೊಸೆಯರೂ ತೆಗೆದುಕೊಂಡರು. ಅವನ ಹೆಸರಿನ ಮೇಲೆ ಮಾರಿಬಂದೆ, ಸತ್ತವರ ಹೆಸರಿನಲ್ಲಿ ಊಟ ಮಾಡಿಬಂದ ಹಾಗೆ.

ಬರುವಾಗ ರಸ್ತೆ ಖಾಲಿ ಇತ್ತು, ಗಾಡಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಇಷ್ಟು ಚೆನ್ನಾಗಿ ನಾನು ಎಂದೂ ಓಡಿಸಿಲ್ಲ. ಅತ್ತೆ ಸೊಸೆಯ ಸುದ್ದಿ ಹೇಳೋಣವೆಂದು, “ಕೇಳಿದ್ಯೇನಲೇ” ಎಂದು ಹಿಂದಕ್ಕೆ ಕತ್ತು ತಿರುಗಿಸಿದೆ. ಹೆಚ್ಚುಕಡಿಮೆ ಖಾಲಿಯಾದ ಗಂಟಿನ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಳು ಬಂತು. ಐವತ್ತು ದಾಟಿದ ಗಂಡಸು ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳಲೂ ಆಗುವುದಿಲ್ಲ.

ಮನೆಗೆ ಹೋಗಲಿಲ್ಲ, ಸೀದಾ ಅವನ ಮನೆಯ ಮುಂದೆ ನಿಲ್ಲಿಸಿದೆ. ಹೊತ್ತು ಮುಳುಗುತ್ತಿತ್ತು. ಗೌಸಸಾಬ ಕಟ್ಟೆಯ ಮೇಲೆ ಕೂತು ಕಾಸಿಂಬಿಗೆ ಬಳ್ಳೊಳ್ಳಿ ಸುಲಿದುಕೊಡುತ್ತಿದ್ದ. ಸಿಪ್ಪೆ ಪುಟ್ಟಿಯಲ್ಲಿ, ಬಳ್ಳೊಳ್ಳಿ ನೆಲದ ಮೇಲೆ. ಕಾಸಿಂಬಿ ಹಿಂದಿನಿಂದ ಬಂದು ಅವನಿಗೆ ಗೊತ್ತಾಗದ ಹಾಗೆ ಆರಿಸಿಕೊಳ್ಳುತ್ತಿದ್ದಳು.

“ಹೆಂಗಾತು?” ಎಂದ, ತಲೆ ಎತ್ತದೆ.

ಎಲ್ಲಾ ಹೋದವು ಎಂದು ಹೇಳಲೆಂದೇ ಬಂದಿದ್ದೆ.

“ಒಂದೂ ಹೋಗಲಿಲ್ಲ” ಎಂದೆ.

ಅವನ ಕೈ ನಿಂತಿತು. “ಒಂದೂ?”

“ಒಂದೂ ಇಲ್ಲ. ನನಗ ಮಾತಾಡಾಕ ಬರತೈತೇನು? ಎಲ್ಲಾರೂ ನಿನ್ನ ಕೇಳಿದ್ರು. ಗೌಸಣ್ಣಾರು ಬಂದ ಮ್ಯಾಲ ನೋಡೂಣು ಅಂದ್ರು. ಹೋದ ಗಂಟು ಹಂಗs ಹೊಳ್ಳಿ ಬಂತು.”

ಕಾಸಿಂಬಿ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

ಗೌಸಸಾಬ ಎದ್ದ. ಕಟ್ಟೆ ಇಳಿದು, ಬಿಸಿ ಎಂಜಿನ್ನಿನ ಕಾವು ಹಿಡಿದು ಗಾಡಿಯ ಹತ್ತಿರ ಬಂದ. ಟ್ಯಾಂಕು ಮುಟ್ಟಿದ, ಸೀಟು ಮುಟ್ಟಿದ. ನಾನು ತಡೆಯುವಷ್ಟರಲ್ಲಿ ಅವನ ಕೈ ಗಂಟಿನ ಮೇಲೆ ಹೋಗಿತ್ತು. ಮೂರು ಮಗ್ಗದ ಮಾಲು ಹೊತ್ತು ಹೋದ ಗಂಟಿನಲ್ಲಿ ಉಳಿದದ್ದು ಬಿಚ್ಚಿ ನೇಯಲಾಗದೆ ಹಾಗೇ ಮುಗಿಸಿದ್ದ, ಎಳೆ ಜೋಡಿಯಾದ ನನ್ನ ಒಂದು ಸೀರೆ ಮಾತ್ರ. ಅವನು ಅದನ್ನು ಅಂಗೈಯಿಂದ ಒತ್ತಿದ. ಅಂಗೈ ಸೀದಾ ಸೀಟಿಗೆ ತಾಗಿತು. ಮತ್ತೊಮ್ಮೆ ಒತ್ತಿದ.

ಬಹಳ ಹೊತ್ತು ಕೈ ಅಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ಎರಡೂ ಕೈಯಿಂದ ಗಂಟನ್ನು ದೊಡ್ಡ ಭಾರ ಸರಿಮಾಡುವವನ ಹಾಗೆ ಆ ಕಡೆ ಈ ಕಡೆ ಸರಿಸಿ, ಹಗ್ಗ ಬಿಗಿದ.

“ಹೌದಲೇ” ಎಂದ. “ಒಂದೂ ಮಾರಿಲ್ಲ ನೀ. ಎಲ್ಲಾ ಹಂಗs ಐತಿ.”

“ಹೇಳಿದ್ನಲ್ಲ.”

“ನಿನ್ನಂಥಾವನ್ನ ನಂಬಿ ಕುಂತ್ರ ಎರಡೂ ಮನಿ ಉಪಾಸ ಬೀಳತಾವ. ಮುಂದ ಯಾವಾಗ ಹೊಂಟೀ?”

“ಶುಕ್ರವಾರ. ಅಷ್ಟರಾಗ ಮಗ್ಗದ ಮ್ಯಾಲಿಂದು ಮುಗೀತೈತಿ. ಬಣ್ಣ ನಾ ಹೇಳತೇನಿ, ಮಾತು ನೀ ಹೇಳು.”

“ಶುಕ್ರವಾರ ನನಗ ನಮಾಜೈತಿ. ಗುರುವಾರ ಹೋಗೂಣು. ಮತ್ತ ಆ ಅಮೀನಗಡದಾಂವನ ಚಹಾ ಬ್ಯಾಡ, ಬರೇ ನೀರ ಇರತೈತಿ. ನಾ ಹೇಳಿದಲ್ಲೆ ನಿಲ್ಲಸಬೇಕು.”

ಗುರುವಾರವೆಂದರೆ ನಾಳೆ ಒಂದೇ ದಿನ ಉಳಿಯಿತು. ಅಷ್ಟರಲ್ಲಿ ಸೀರೆ ಮುಗಿಸಲು ನಾನೇನು ಮನುಷ್ಯನೋ ಮೋಟಾರೋ. ಹೇಳಿದರೆ ಕೇಳುವವನಲ್ಲ ಅವನು. ಬೆಳಿಗ್ಗೆ ಬೇಗ ಏಳಬೇಕು.